ಹೊಲದಿಂದ ಶಾಲೆಯ ತಟ್ಟೆಗೆ: ಮಿಶಿಗನ್ನಿನ ಮಕ್ಕಳು ಮತ್ತು ನೆರೆಹೊಲದ ಬೆಳೆ

ಅಮೆರಿಕದ ಶಾಲೆಗಳಲ್ಲಿ ಕಳೆದ ಮೂರು ದಶಕಗಳಿಂದ ಮೆಲ್ಲಗೆ ಬೇರೂರುತ್ತಿರುವ ಒಂದು ಚಳವಳಿಗೆ ‘ಫಾರ್ಮ್ ಟು ಸ್ಕೂಲ್’ ಎಂದು ಹೆಸರು. ಕನ್ನಡದಲ್ಲಿ ಇದನ್ನು ‘ಹೊಲದಿಂದ ಶಾಲೆಗೆ’ ಎನ್ನಬಹುದು. ಸುತ್ತಮುತ್ತಲಿನ ರೈತರು ಬೆಳೆದದ್ದನ್ನು ಶಾಲೆಯ ಅಡುಗೆಮನೆ ಕೊಳ್ಳುವುದು, ಶಾಲೆಯ ಅಂಗಳದಲ್ಲಿ ಮಕ್ಕಳು ಕೈತೋಟ ಮಾಡುವುದು, ಆಹಾರ ಮತ್ತು ಕೃಷಿಯನ್ನು ತರಗತಿಯ ಪಾಠಗಳಲ್ಲಿ ಸೇರಿಸುವುದು ಇದರ ಮೂರು ಅಂಗಗಳು. ಮಿಶಿಗನ್ ರಾಜ್ಯದಲ್ಲಿ ಎರಡು ದಶಕಗಳಿಗೂ ಮೀರಿ ಮಕ್ಕಳ ವೈದ್ಯವೃತ್ತಿಯಲ್ಲಿರುವ ನನಗೆ ಇದು ಕೇವಲ ಕುತೂಹಲದ ವಿಷಯವಲ್ಲ. ತಪಾಸಣೆಗೆ ಬರುವ ಮಕ್ಕಳನ್ನು ‘ನೀನು ಇಷ್ಟಪಟ್ಟು ತಿನ್ನುವ ಮೂರು ತರಕಾರಿಗಳ ಹೆಸರು ಹೇಳು’ ಎಂದು ಕೇಳುವುದು ನನ್ನ ರೂಢಿ. ಬಹಳಷ್ಟು ಮಕ್ಕಳು ಹುರಿದ ಆಲೂಗಡ್ಡೆಯಿಂದ ಆರಂಭಿಸಿ ಎರಡನೆಯ ಹೆಸರಿಗೇ ತಡವರಿಸುತ್ತಾರೆ. ಕನ್ನಡದ ಮನೆಗಳ ಮಕ್ಕಳೂ ಇದಕ್ಕೆ ಹೊರತಲ್ಲ.

ಈ ಚಳವಳಿಯ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಕೈಯಲ್ಲಿ ಮಣ್ಣು ಮೆತ್ತಿಕೊಂಡು ಕ್ಯಾರೆಟ್ ಕೀಳುತ್ತಿರುವ ಮಗುವಿನ ನಗುಮುಖ. ಆ ನಗು ನಿಜವಾದದ್ದೇ. ಆದರೆ ಆ ಕ್ಯಾರೆಟ್ ವರ್ಷವಿಡೀ ಆ ಮಗುವಿನ ತಟ್ಟೆಗೆ ಬರಬೇಕಾದರೆ ಟೆಂಡರಿನ ನಿಯಮ, ಊಟವೊಂದಕ್ಕೆ ಕೆಲವು ಸೆಂಟುಗಳು, ತರಕಾರಿ ಹೆಚ್ಚುವ ಕೈಗಳು, ಶೀತಲಪೆಟ್ಟಿಗೆಯಲ್ಲಿ ಜಾಗ ಎಲ್ಲವೂ ಒದಗಿಬರಬೇಕು. ಮಕ್ಕಳನ್ನು ಊರಿನ ಬೆಳೆಯೊಂದಿಗೆ ಬೆಸೆಯುವ ಕೆಲಸ ಉಳಿಯುವುದೂ ಅಳಿಯುವುದೂ ಚಿತ್ರಕ್ಕೆ ಸಿಗದ ಈ ಸಂಗತಿಗಳಿಂದ ಎಂಬುದನ್ನು ಮಿಶಿಗನ್ನಿನ ಅನುಭವದ ಆಧಾರದಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಅಮೆರಿಕದಲ್ಲಿ ಶಾಲೆಯ ಊಟಕ್ಕೂ ರೈತನಿಗೂ ನಂಟು ಹೊಸದಲ್ಲ. 1946ರಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಸಹಿ ಹಾಕಿದ ರಾಷ್ಟ್ರೀಯ ಶಾಲಾ ಊಟದ ಕಾಯಿದೆ ತನ್ನ ಪೀಠಿಕೆಯಲ್ಲೇ ಎರಡು ಗುರಿಗಳನ್ನು ಹೇಳುತ್ತದೆ: ಮಕ್ಕಳ ಆರೋಗ್ಯವನ್ನು ಕಾಪಾಡುವುದು ಮತ್ತು ದೇಶದಲ್ಲಿ ಬೆಳೆದ ಪೌಷ್ಟಿಕ ಪದಾರ್ಥಗಳ ಬಳಕೆಯನ್ನು ಹೆಚ್ಚಿಸುವುದು. ಇಂದು ಈ ಯೋಜನೆಯಡಿ ಶಾಲಾದಿನವೊಂದಕ್ಕೆ ಸುಮಾರು 3 ಕೋಟಿ ಮಕ್ಕಳು ಉಣ್ಣುತ್ತಾರೆ. ಆದರೆ ಕಾಲಕ್ರಮೇಣ ಬಹಳಷ್ಟು ಶಾಲೆಗಳಲ್ಲಿ ಅಡುಗೆ ಮಾಡುವ ಪದ್ಧತಿಯೇ ಕ್ಷೀಣಿಸಿತು. ದೂರದ ಕಾರ್ಖಾನೆಯಲ್ಲಿ ಸಿದ್ಧವಾಗಿ ಹಿಮಗಟ್ಟಿ ಬಂದದ್ದನ್ನು ಬಿಸಿಮಾಡಿ ಬಡಿಸುವುದು ವಾಡಿಕೆಯಾಯಿತು. ಒಲೆಯಿದ್ದ ಜಾಗದಲ್ಲಿ ಬಿಸಿಮಾಡುವ ಪೆಟ್ಟಿಗೆಗಳು ಬಂದವು. ಹೊಲದಿಂದ ನೇರವಾಗಿ ಬಂದ ಮಣ್ಣುಮೆತ್ತಿದ ಗೆಡ್ಡೆಯನ್ನು ತೊಳೆದು ಹೆಚ್ಚುವ ವ್ಯವಸ್ಥೆಯೇ ಅಲ್ಲಿ ಉಳಿಯಲಿಲ್ಲ.

ಇದಕ್ಕೆ ಪ್ರತಿಯಾದ ಪ್ರಯತ್ನಗಳು 1990ರ ದಶಕದಲ್ಲಿ ಬೇರೆಬೇರೆ ಊರುಗಳಲ್ಲಿ ಹುಟ್ಟಿಕೊಂಡವು. 1995ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪಾಕಪ್ರವೀಣೆ ಆಲಿಸ್ ವಾಟರ್ಸ್ ಅವರು ಮಾರ್ಟಿನ್ ಲೂಥರ್ ಕಿಂಗ್ ಮಾಧ್ಯಮಿಕ ಶಾಲೆಯ ಆವರಣದಲ್ಲಿ ‘ಎಡಿಬಲ್ ಸ್ಕೂಲ್‌ಯಾರ್ಡ್’ ಎಂಬ ತೋಟ ಮತ್ತು ಅಡುಗೆ ತರಗತಿಯ ಯೋಜನೆಯನ್ನು ಆರಂಭಿಸಿದರು. 1997ರಲ್ಲಿ ಅದೇ ರಾಜ್ಯದ ಸಾಂಟಾ ಮೋನಿಕಾದ ಶಾಲೆಯೊಂದರಲ್ಲಿ ರೈತರ ಸಂತೆಯಿಂದ ತಂದ ಹಣ್ಣು ತರಕಾರಿಗಳ ಸಲಾಡ್ ಮೇಜು ಮೊದಲಾಯಿತು. ಅದೇ ಹೊತ್ತಿಗೆ ಫ್ಲಾರಿಡಾದ ಉತ್ತರ ಭಾಗದಲ್ಲಿ ಸಣ್ಣ ಹಿಡುವಳಿಯ ಆಫ್ರಿಕನ್ ಅಮೆರಿಕನ್ ರೈತರು ‘ನ್ಯೂ ನಾರ್ತ್ ಫ್ಲಾರಿಡಾ ಕೋಆಪರೇಟಿವ್’ ಎಂಬ ಸಹಕಾರ ಸಂಘ ಕಟ್ಟಿಕೊಂಡು, ಕಾಲರ್ಡ್ ಎಂಬ ಕೋಸಿನ ಜಾತಿಯ ಸೊಪ್ಪನ್ನು ಶಾಲೆಗಳಿಗೆ ಮಾರಲಾರಂಭಿಸಿದರು. ಈ ಮೂರರಲ್ಲಿ ಹೆಚ್ಚು ಪ್ರಸಿದ್ಧಿ ಬಂದದ್ದು ಬರ್ಕ್ಲಿಯ ತೋಟಕ್ಕೆ. ಆದರೆ ಅಡುಗೆಮನೆಯ ಕಷ್ಟವನ್ನು ಬಲ್ಲವರು ಹೆಚ್ಚು ಮೆಚ್ಚಬೇಕಾದದ್ದು ಫ್ಲಾರಿಡಾದ ರೈತರನ್ನು. ಅವರು ಸೊಪ್ಪನ್ನು ತೊಳೆದು, ಹೆಚ್ಚಿ, ಚೀಲಗಳಲ್ಲಿ ತುಂಬಿ ಕೊಟ್ಟರು. ಕೈಗಳು ಕಡಿಮೆಯಿದ್ದ ಶಾಲೆಯ ಅಡುಗೆಮನೆ ಅದನ್ನು ನೇರವಾಗಿ ಪಾತ್ರೆಗೆ ಹಾಕುವಂತಾಯಿತು.

2007ರಲ್ಲಿ ಇಂತಹ ಪ್ರಯತ್ನಗಳನ್ನು ಬೆಸೆಯುವ ರಾಷ್ಟ್ರೀಯ ಫಾರ್ಮ್ ಟು ಸ್ಕೂಲ್ ಜಾಲ ಸ್ಥಾಪನೆಯಾಯಿತು. 2010ರ ಮಕ್ಕಳ ಪೋಷಣೆಯ ಕಾಯಿದೆಯು ವರ್ಷಕ್ಕೆ 50 ಲಕ್ಷ ಡಾಲರ್ ಅನುದಾನವನ್ನು ಇದಕ್ಕಾಗಿಯೇ ಮೀಸಲಿಟ್ಟಿತು. ಕೃಷಿ ಇಲಾಖೆ 2015ರಲ್ಲಿ ನಡೆಸಿದ ಗಣತಿಯಲ್ಲಿ ದೇಶದಾದ್ಯಂತ 42 ಸಾವಿರಕ್ಕೂ ಹೆಚ್ಚು ಶಾಲೆಗಳು ಯಾವುದಾದರೊಂದು ರೂಪದಲ್ಲಿ ಇದರಲ್ಲಿ ತೊಡಗಿರುವುದು ಕಂಡುಬಂತು.

ಬೆಳೆಯ ಪಂಚಾಂಗ, ಶಾಲೆಯ ಪಂಚಾಂಗ

ಮಿಶಿಗನ್ ಎಂದೊಡನೆ ಕಾರು ಕಾರ್ಖಾನೆಗಳು ನೆನಪಾಗುವುದು ಸಹಜ. ಆದರೆ ಬೆಳೆಗಳ ವೈವಿಧ್ಯದಲ್ಲಿ ಕ್ಯಾಲಿಫೋರ್ನಿಯಾದ ನಂತರ ಹೆಸರು ಕೇಳಿಬರುವ ರಾಜ್ಯ ಇದು. ಮುನ್ನೂರಕ್ಕೂ ಹೆಚ್ಚು ಬಗೆಯ ಕೃಷಿ ಉತ್ಪನ್ನಗಳು ಇಲ್ಲಿಂದ ಬರುತ್ತವೆ. ದೇಶದ ಹುಳಿ ಚೆರ್ರಿಯಲ್ಲಿ ಬಹುಪಾಲು ಇಲ್ಲಿಯದೇ. ಸರೋವರದ ಗಾಳಿ ಚಳಿಯ ಉಗ್ರತೆಯನ್ನು ತಗ್ಗಿಸುವ ಪಶ್ಚಿಮ ತೀರದಲ್ಲಿ ಸೇಬು, ಬ್ಲೂಬೆರಿ, ಆಸ್ಪರಾಗಸ್ ಸಮೃದ್ಧವಾಗಿವೆ. ‘ಥಂಬ್’ ಎಂದು ಕರೆಯುವ ಪೂರ್ವದ ಹೆಬ್ಬೆರಳಿನಾಕಾರದ ಪ್ರದೇಶ ಒಣ ಹುರುಳಿ ಜಾತಿಯ ಕಾಳುಗಳಿಗೆ, ಅದರಲ್ಲೂ ಕಪ್ಪು ಬೀನ್ಸಿಗೆ ಹೆಸರಾಗಿದೆ.

ಇಷ್ಟಿದ್ದೂ ಶಾಲೆಗೆ ಇವು ಸಲೀಸಾಗಿ ತಲುಪುವುದಿಲ್ಲ. ಕಾರಣ ಸರಳ. ಆಸ್ಪರಾಗಸ್ ಮೇ ತಿಂಗಳಲ್ಲಿ ಬರುತ್ತದೆ, ಸ್ಟ್ರಾಬೆರಿ ಜೂನಿನಲ್ಲಿ, ಚೆರ್ರಿ ಜುಲೈನಲ್ಲಿ, ಬ್ಲೂಬೆರಿ ಜುಲೈ ಆಗಸ್ಟಿನಲ್ಲಿ. ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಶಾಲೆಗೆ ರಜೆ. ಮಕ್ಕಳು ಮರಳಿ ಬರುವ ಹೊತ್ತಿಗೆ ಉಳಿದಿರುವುದು ಸೇಬು, ಸಿಹಿಗುಂಬಳದ ಜಾತಿಗಳು, ಕ್ಯಾರೆಟ್, ಎಲೆಕೋಸು, ಆಲೂಗಡ್ಡೆ. ನವೆಂಬರಿನ ನಂತರ ನೆಲ ಹೆಪ್ಪುಗಟ್ಟುತ್ತದೆ. ಹೀಗಾಗಿ ಇಲ್ಲಿ ‘ಸ್ಥಳೀಯ’ ಎಂಬ ಮಾತು ‘ತಾಜಾ’ ಎಂಬ ಮಾತಿನೊಂದಿಗೆ ಯಾವಾಗಲೂ ಹೊಂದಿಕೊಳ್ಳುವುದಿಲ್ಲ. ಸುಗ್ಗಿಯಲ್ಲಿ ಕೊಯ್ದು ಹಿಮಗಟ್ಟಿಸಿದ ಬ್ಲೂಬೆರಿ, ಒಣಗಿಸಿದ ಚೆರ್ರಿ, ವರ್ಷವಿಡೀ ಕೆಡದ ಬೀನ್ಸ್ ಕಾಳು, ನೆಲಮಾಳಿಗೆಯ ತಂಪಿನಲ್ಲಿಟ್ಟ ಸೇಬು ಇವೇ ಚಳಿಗಾಲದ ಸ್ಥಳೀಯ ಆಹಾರ. ಕೊಯ್ಲಾದ ಕೂಡಲೇ ಹಿಮಗಟ್ಟಿಸಿದ ಹಣ್ಣು ತರಕಾರಿಗಳಲ್ಲಿ ಪೋಷಕಾಂಶಗಳು ಚೆನ್ನಾಗಿಯೇ ಉಳಿಯುತ್ತವೆ. ಪಾಲಕ್‌ನಂತಹ ಸೊಪ್ಪು ದಿನಗಟ್ಟಲೆ ಲಾರಿಯಲ್ಲೂ ಅಂಗಡಿಯಲ್ಲೂ ಇದ್ದರೆ ಅದರ ಸಿ ಜೀವಸತ್ವ ಗಣನೀಯವಾಗಿ ಕುಂದುತ್ತದೆ. ಬೆಂಗಳೂರಿನ ಸುತ್ತ ಹೂ ಬೆಳೆಯಲು ಬಳಸುವಂತಹ ಪಾಲಿಹೌಸುಗಳನ್ನು ಇಲ್ಲಿಯ ರೈತರು ಹಾಗೂ ಕೆಲವು ಶಾಲೆಗಳು ಹಾಕಿಕೊಂಡು ಚಳಿಯಲ್ಲೂ ಪಾಲಕ್ ಬೆಳೆಯುತ್ತಿರುವುದು ಇನ್ನೊಂದು ದಾರಿ.

ಹತ್ತು ಸೆಂಟಿನ ಲೆಕ್ಕ

ಎರಡನೆಯ ತೊಡಕು ಹಣದ್ದು. ಉಚಿತ ಊಟವೊಂದಕ್ಕೆ ಶಾಲೆಗೆ ಕೇಂದ್ರ ಸರ್ಕಾರದಿಂದ ಬರುವ ಮೊತ್ತ ಈಚಿನ ವರ್ಷಗಳಲ್ಲಿ ನಾಲ್ಕೂವರೆ ಡಾಲರಿನ ಆಸುಪಾಸಿನಲ್ಲಿದೆ. ಸಿಬ್ಬಂದಿಯ ಸಂಬಳ, ಉಪಕರಣ, ಇಂಧನ ಕಳೆದರೆ ಪದಾರ್ಥಕ್ಕೆ ಉಳಿಯುವುದು ಅದರ ಅರ್ಧಕ್ಕಿಂತ ಕಡಿಮೆ. ಅದರಲ್ಲೇ ಹಾಲು, ಧಾನ್ಯ, ಪ್ರೋಟೀನು, ಹಣ್ಣು, ತರಕಾರಿ ಎಲ್ಲವೂ ಬರಬೇಕು. ಇಂತಹ ಲೆಕ್ಕದಲ್ಲಿ ಪಕ್ಕದೂರಿನ ರೈತನ ಸೇಬು ಎರಡು ಸೆಂಟು ದುಬಾರಿಯಾದರೂ ಅಡುಗೆ ವಿಭಾಗದ ಮುಖ್ಯಸ್ಥರು ಯೋಚಿಸಬೇಕಾಗುತ್ತದೆ.

ಮಿಶಿಗನ್ ಇದಕ್ಕೆ ಕಂಡುಕೊಂಡ ಉಪಾಯಕ್ಕೆ ‘ಟೆನ್ ಸೆಂಟ್ಸ್ ಎ ಮೀಲ್’ ಎಂದು ಹೆಸರು. ರಾಜ್ಯದ ವಾಯವ್ಯದ ಟ್ರ್ಯಾವರ್ಸ್ ಸಿಟಿ ಸುತ್ತಿನಲ್ಲಿ ಸ್ಥಳೀಯರು ನಡೆಸಿದ ಪ್ರಯೋಗವನ್ನು 2016-17ರಲ್ಲಿ ರಾಜ್ಯ ಸರ್ಕಾರ 2.5 ಲಕ್ಷ ಡಾಲರಿನ ಪ್ರಾಯೋಗಿಕ ಯೋಜನೆಯಾಗಿ ಕೈಗೆತ್ತಿಕೊಂಡಿತು. ಮುಂದೆ ಅದು ಇಡೀ ರಾಜ್ಯಕ್ಕೆ ವಿಸ್ತರಿಸಿತು. ಮಿಶಿಗನ್ನಿನಲ್ಲಿ ಬೆಳೆದ ಹಣ್ಣು, ತರಕಾರಿ, ಕಾಳುಗಳನ್ನು ಕೊಂಡರೆ ಊಟವೊಂದಕ್ಕೆ ಗರಿಷ್ಠ 10 ಸೆಂಟಿನವರೆಗೆ ಶಾಲೆ ಹಾಕಿದಷ್ಟನ್ನೇ ರಾಜ್ಯವೂ ಹಾಕುತ್ತದೆ. ಮೊತ್ತ ಚಿಕ್ಕದು. ಆದರೆ ಸಾವಿರಾರು ಮಕ್ಕಳ ಶಾಲಾ ಜಿಲ್ಲೆಯಲ್ಲಿ, ನೂರೆಂಬತ್ತು ಶಾಲಾದಿನಗಳಿಗೆ ಗುಣಿಸಿದಾಗ ಅದು ಒಂದು ರೈತ ಕುಟುಂಬ ಮುಂದಿನ ವರ್ಷ ಇನ್ನೆರಡು ಎಕರೆ ಕ್ಯಾರೆಟ್ ಬಿತ್ತಲು ಧೈರ್ಯ ಕೊಡುವ ಖಚಿತ ಬೇಡಿಕೆಯಾಗುತ್ತದೆ.

ಮೂರನೆಯದು ಖರೀದಿಯ ನಿಯಮ. ಸರ್ಕಾರದ ಹಣದಿಂದ ಕೊಳ್ಳುವಾಗ ಸ್ಪರ್ಧೆಗೆ ಅವಕಾಶವಿರಬೇಕು, ‘ನಮ್ಮೂರಿನವರಿಂದಲೇ ಕೊಳ್ಳುತ್ತೇವೆ’ ಎನ್ನುವಂತಿಲ್ಲ ಎಂಬುದು ಹಳೆಯ ಕಟ್ಟಳೆ. 2008ರ ಕೃಷಿ ಮಸೂದೆ ಇದನ್ನು ಸ್ವಲ್ಪ ಸಡಿಲಿಸಿ, ಹೆಚ್ಚು ಸಂಸ್ಕರಿಸದ ಸ್ಥಳೀಯ ಪದಾರ್ಥಕ್ಕೆ ಟೆಂಡರಿನಲ್ಲಿ ಆದ್ಯತೆಯ ಅಂಕ ನೀಡಲು ಒಪ್ಪಿತು. 2024ರ ಜುಲೈ 1ರಿಂದ ‘ಸ್ಥಳೀಯವಾಗಿರಬೇಕು’ ಎಂಬುದನ್ನೇ ಟೆಂಡರಿನ ಷರತ್ತಾಗಿ ಬರೆಯಬಹುದಾಗಿದೆ. ಸ್ಥಳೀಯ ಎಂದರೆ ಎಷ್ಟು ಮೈಲಿ, ಯಾವ ಗಡಿ ಎಂಬುದನ್ನು ಆಯಾ ಶಾಲಾ ಜಿಲ್ಲೆಯೇ ನಿರ್ಧರಿಸುತ್ತದೆ.

ಇವೆಲ್ಲ ಎಷ್ಟು ಸೂಕ್ಷ್ಮ ಎಂಬುದಕ್ಕೆ ಈಚಿನ ನಿದರ್ಶನವಿದೆ. ಶಾಲೆಗಳೂ ಶಿಶುಪಾಲನಾ ಕೇಂದ್ರಗಳೂ ಸ್ಥಳೀಯ ರೈತರಿಂದ ಕೊಳ್ಳಲೆಂದು ಘೋಷಿಸಿದ್ದ ಸುಮಾರು 66 ಕೋಟಿ ಡಾಲರಿನ ಕಾರ್ಯಕ್ರಮವನ್ನು 2025ರ ಮಾರ್ಚಿನಲ್ಲಿ ಕೇಂದ್ರ ಕೃಷಿ ಇಲಾಖೆ ರದ್ದುಪಡಿಸಿತು. ಬಿತ್ತನೆಗೆ ರೈತರು ಸಿದ್ಧರಾಗುವ ಕಾಲ ಅದು.

ಮಗುವಿನ ನಾಲಗೆ

ಆಹಾರ ತಟ್ಟೆಗೆ ಬಂದರೆ ಸಾಲದು, ಬಾಯಿಗೂ ಹೋಗಬೇಕು. ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಅಪರಿಚಿತ ಆಹಾರದ ಬಗ್ಗೆ ಹಿಂಜರಿಕೆ ತೀವ್ರವಾಗಿರುತ್ತದೆ. ಇದು ಹಟವಲ್ಲ, ಬೆಳವಣಿಗೆಯ ಒಂದು ಹಂತ. ನಡೆಯಲು ಕಲಿತು ಕಂಡದ್ದನ್ನೆಲ್ಲ ಬಾಯಿಗೆ ಹಾಕಬಲ್ಲ ವಯಸ್ಸಿನಲ್ಲಿ ಈ ಎಚ್ಚರ ಮಗುವನ್ನು ವಿಷದಿಂದ ಕಾಪಾಡಿರಬೇಕು ಎಂದು ತಜ್ಞರು ಊಹಿಸುತ್ತಾರೆ. ಇದಕ್ಕೆ ಮದ್ದು ಮರುಪರಿಚಯ. ಒಂದೇ ತರಕಾರಿಯನ್ನು ಒತ್ತಾಯವಿಲ್ಲದೆ ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಬಾರಿ ಸ್ವಲ್ಪಸ್ವಲ್ಪವೇ ರುಚಿಗೆ ಕೊಟ್ಟ ಮೇಲೆ ಬಹುತೇಕ ಮಕ್ಕಳು ಅದನ್ನು ಒಪ್ಪಿಕೊಳ್ಳುತ್ತಾರೆ. ಸಾಮಾನ್ಯವಾಗಿ ತಾಯಿತಂದೆಯರು ಮೂರು ನಾಲ್ಕು ಸಲ ನೋಡಿ ‘ಇವನಿಗೆ ಹಿಡಿಸುವುದಿಲ್ಲ’ ಎಂದು ಕೈಬಿಡುತ್ತಾರೆ. ಇಲ್ಲವೇ ಅಟ್ಟಾಡಿಸಿಕೊಂಡು ತುತ್ತು ತುರುಕುತ್ತಾರೆ. ಒತ್ತಾಯದಿಂದ ಆ ಆಹಾರದ ಮೇಲಿನ ಅಸಹ್ಯ ಹೆಚ್ಚುತ್ತದೆಂದು ಅಧ್ಯಯನಗಳು ತೋರಿಸಿವೆ.

ಶಾಲೆಗೆ ಇಲ್ಲಿ ಮನೆಗಿಲ್ಲದ ಒಂದು ಅನುಕೂಲವಿದೆ. ಓರಗೆಯ ಮಕ್ಕಳು ತಿನ್ನುವುದನ್ನು ಕಂಡು ಮಗು ತಾನೂ ತಿನ್ನುತ್ತದೆ. ಒಂದು ಬೀಟ್‌ರೂಟನ್ನು ಮೂರು ಬಗೆಯಲ್ಲಿ ಬೇಯಿಸಿ ಚಿಕ್ಕ ಬಟ್ಟಲುಗಳಲ್ಲಿ ಕೊಟ್ಟು, ಯಾವುದು ಚೆನ್ನ ಎಂದು ಮಕ್ಕಳಿಂದಲೇ ಮತ ಹಾಕಿಸುವ ‘ರುಚಿ ಪರೀಕ್ಷೆ’ ಈ ಶಾಲೆಗಳಲ್ಲಿ ಸಾಮಾನ್ಯ. ಗೆದ್ದ ಬಗೆ ಮುಂದಿನ ವಾರದ ಊಟದಲ್ಲಿ ಬರುತ್ತದೆ. ತೋಟಗಾರಿಕೆಯ ಕಾರ್ಯಕ್ರಮಗಳ ಬಗ್ಗೆ ನಡೆದ ಅಧ್ಯಯನಗಳ ಸಾರವೂ ಇದೇ ದಿಕ್ಕಿನದು: ಬರಿಯ ಪಾಠಕ್ಕಿಂತ ಕೈಯಾರೆ ಬೆಳೆದದ್ದು ಮಗುವಿನ ಅರಿವನ್ನೂ ರುಚಿ ನೋಡುವ ಧೈರ್ಯವನ್ನೂ ಹೆಚ್ಚಿಸುತ್ತದೆ. ಆದರೆ ದಿನನಿತ್ಯ ತಿನ್ನುವ ಪ್ರಮಾಣದಲ್ಲಿ ಕಾಣುವ ಏರಿಕೆ ಸಾಧಾರಣವಾದದ್ದು. ತೋಟದ ಕ್ಯಾರೆಟ್ ಕೆಫೆಟೇರಿಯಾದಲ್ಲೂ ಮನೆಯಲ್ಲೂ ಮತ್ತೆ ಎದುರಾದಾಗಲೇ ಅದು ಅಭ್ಯಾಸವಾಗುತ್ತದೆ. ಮೂರು ಅಂಗಗಳು ಒಟ್ಟಿಗಿರಬೇಕೆನ್ನುವುದು ಇದಕ್ಕಾಗಿಯೇ.

ಫ್ಲಿಂಟ್: ಔಷಧದ ಚೀಟಿಯಲ್ಲಿ ತರಕಾರಿ

ಶಾಲೆಯ ಆಚೆಗೂ ಈ ಕೆಲಸ ಹೇಗೆ ಸಾಗಬಹುದು ಎಂಬುದಕ್ಕೆ ನಮ್ಮ ರಾಜ್ಯದ ಫ್ಲಿಂಟ್ ನಗರ ಉದಾಹರಣೆ. 2014ರ ಏಪ್ರಿಲಿನಲ್ಲಿ ನಗರದ ಕುಡಿಯುವ ನೀರಿನ ಮೂಲವನ್ನು ಬದಲಿಸಿದ ಬಳಿಕ ಹಳೆಯ ಕೊಳವೆಗಳಿಂದ ಸೀಸ ನೀರಿಗೆ ಸೇರಿತು. ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಏರಿರುವುದನ್ನು 2015ರಲ್ಲಿ ಮಕ್ಕಳ ತಜ್ಞೆ ಡಾ. ಮೋನಾ ಹನ್ನಾ-ಅಟೀಶಾ ಬಹಿರಂಗಪಡಿಸಿದರು. ದೇಹಕ್ಕೆ ಸೇರಿದ ಸೀಸದಿಂದಾದ ಹಾನಿಯನ್ನು ಆಹಾರ ಅಳಿಸಲಾರದು. ಆದರೆ ಕಬ್ಬಿಣ, ಕ್ಯಾಲ್ಸಿಯಂ, ಸಿ ಜೀವಸತ್ವ ಸಾಕಷ್ಟಿರುವ ಊಟ ಕರುಳಿನಲ್ಲಿ ಸೀಸದ ಹೀರಿಕೆಯನ್ನು ತಗ್ಗಿಸಲು ನೆರವಾಗುತ್ತದೆ. ಅಂತಹ ಊಟ ಬೇಕಾಗಿದ್ದ ಹೊತ್ತಿನಲ್ಲೇ ಊರಿನ ದೊಡ್ಡ ದಿನಸಿ ಅಂಗಡಿಗಳು ಮುಚ್ಚುತ್ತಿದ್ದವು.

ಆ ವರ್ಷವೇ ಹರ್ಲಿ ಆಸ್ಪತ್ರೆಯ ಮಕ್ಕಳ ಚಿಕಿತ್ಸಾಲಯ ನಗರದ ನಡುವಿನ ರೈತರ ಸಂತೆಯ ಕಟ್ಟಡದ ಮಹಡಿಗೆ ಸ್ಥಳಾಂತರವಾಗಿತ್ತು. 2016ರಿಂದ ಅಲ್ಲಿಯ ವೈದ್ಯರು ತಪಾಸಣೆಗೆ ಬಂದ ಪ್ರತಿ ಮಗುವಿಗೂ ಹಣ್ಣು ತರಕಾರಿಯ ಚೀಟಿ ಬರೆದುಕೊಡಲಾರಂಭಿಸಿದರು. ಮೊದಲಿಗೆ 10 ಡಾಲರಿನದು, ಮುಂದೆ 15 ಡಾಲರಿನದು. ಬಡತನದ ಪುರಾವೆ ಕೇಳದೆ ಎಲ್ಲ ಮಕ್ಕಳಿಗೂ ಕೊಟ್ಟದ್ದು ಇದರ ವಿಶೇಷ. ಮೆಟ್ಟಿಲಿಳಿದರೆ ಸಂತೆ, ಮಗು ತಾನೇ ಆರಿಸಿಕೊಳ್ಳಬಹುದು. ಮಕ್ಕಳಿಗೆ ಅಡುಗೆ ಕಲಿಸುವ ತರಗತಿಗಳೂ ಸೇರಿಕೊಂಡವು. ತೊಡಕುಗಳು ಇಲ್ಲದಿರಲಿಲ್ಲ. ಸಂತೆ ತೆರೆಯುವುದು ವಾರಕ್ಕೆ ಮೂರು ದಿನ; ತಪಾಸಣೆ ಬೇರೆ ದಿನವಿದ್ದರೆ ಕಾರಿಲ್ಲದ ತಾಯಿ ಮತ್ತೆ ಬರಬೇಕು. ಇದನ್ನು ಮನಗಂಡು ತರಕಾರಿಯ ಪೆಟ್ಟಿಗೆಯನ್ನು ಮನೆಗೇ ತಲುಪಿಸುವ ಏರ್ಪಾಡನ್ನೂ ಮಾಡಲಾಯಿತು. ಇದಕ್ಕೂ ಮುನ್ನ, 2009ರಲ್ಲಿ ಡೆಟ್ರಾಯಿಟ್‌ನಲ್ಲಿ ಆರಂಭವಾದ ‘ಡಬಲ್ ಅಪ್ ಫುಡ್ ಬಕ್ಸ್’ ಯೋಜನೆ, ಸರ್ಕಾರದ ಆಹಾರ ನೆರವಿನ ಹಣವನ್ನು ರೈತರ ಸಂತೆಯಲ್ಲಿ ಖರ್ಚು ಮಾಡಿದರೆ ಅಷ್ಟೇ ಮೊತ್ತದ ಹಣ್ಣು ತರಕಾರಿಯನ್ನು ಹೆಚ್ಚುವರಿಯಾಗಿ ಕೊಡುವ ಕ್ರಮವನ್ನು ತಂದಿತ್ತು. ಬಡಕುಟುಂಬಕ್ಕೂ ರೈತನಿಗೂ ಒಂದೇ ಡಾಲರಿನಿಂದ ನೆರವಾಗುವ ಈ ಉಪಾಯ ನಂತರ ಅನೇಕ ರಾಜ್ಯಗಳಿಗೆ ಹರಡಿತು.

ಅತಿಯಾಗಿ ಹೇಳಬಾರದ ಮಾತುಗಳು

ಸ್ಥಳೀಯ ಆಹಾರದ ಹೆಸರಿನಲ್ಲಿ ಕೆಲವು ಉತ್ಪ್ರೇಕ್ಷೆಗಳೂ ಚಲಾವಣೆಯಲ್ಲಿವೆ. ಹತ್ತಿರದಲ್ಲಿ ಬೆಳೆದದ್ದೆಲ್ಲ ಆರೋಗ್ಯಕರವಲ್ಲ: ಆಲೂಗಡ್ಡೆ ಚಿಪ್ಸು ಮಿಶಿಗನ್ನಿನಲ್ಲೂ ತಯಾರಾಗುತ್ತದೆ. ಸ್ಥಳೀಯ ಎಂದರೆ ಸಾವಯವ ಎಂದೂ ಅರ್ಥವಲ್ಲ. ಪರಿಸರದ ವಿಷಯದಲ್ಲೂ ಎಚ್ಚರ ಬೇಕು. ಅಮೆರಿಕದ ಮನೆಗಳ ಆಹಾರದಿಂದಾಗುವ ಹಸಿರುಮನೆ ಅನಿಲಗಳಲ್ಲಿ ಸಾಗಾಟದ ಪಾಲು ಸುಮಾರು 11 ಪ್ರತಿಶತ ಮಾತ್ರ, ಬಹುಪಾಲು ಉತ್ಪಾದನೆಯ ಹಂತದ್ದು ಎಂದು 2008ರ ಒಂದು ಪ್ರಸಿದ್ಧ ಅಧ್ಯಯನ ಲೆಕ್ಕ ಹಾಕಿತು. ಆ ದೃಷ್ಟಿಯಿಂದ ಎಷ್ಟು ದೂರದಿಂದ ಬಂತು ಎಂಬುದಕ್ಕಿಂತ ಏನನ್ನು ತಿನ್ನುತ್ತೇವೆ ಎಂಬುದೇ ಮುಖ್ಯವಾಗುತ್ತದೆ. ಮಿಶಿಗನ್ನಿನ ಕಪ್ಪು ಬೀನ್ಸ್ ಎರಡು ಪರೀಕ್ಷೆಗಳಲ್ಲೂ ಗೆಲ್ಲುತ್ತದೆ.

ಹಾಗಾದರೆ ಸ್ಥಳೀಯತೆಯ ನಿಜವಾದ ಬಲ ಯಾವುದು? ಸಂಬಂಧ. 2012ರ ಮಾರ್ಚಿನಲ್ಲಿ ಅಕಾಲದ ಬಿಸಿಲಿಗೆ ಚೆರ್ರಿ ಮರಗಳು ಬೇಗ ಮೊಗ್ಗೊಡೆದು, ಬಳಿಕ ಬಿದ್ದ ಹಿಮಕ್ಕೆ ರಾಜ್ಯದ ಹುಳಿ ಚೆರ್ರಿ ಬೆಳೆಯಲ್ಲಿ ಸುಮಾರು 90 ಪ್ರತಿಶತ ನಾಶವಾಯಿತು. ಚೆರ್ರಿಯನ್ನು ಡಬ್ಬಿಯಲ್ಲಿ ಮಾತ್ರ ಕಂಡ ಮಗುವಿಗೆ ಇದು ಸುದ್ದಿಯೇ ಅಲ್ಲ. ತೋಟಕ್ಕೆ ಹೋಗಿಬಂದ, ಬೆಳೆಗಾರನ ಮುಖ ಬಲ್ಲ ಮಗು ಹವಾಮಾನ ಎಂದರೇನು, ಬೆಲೆ ಎಂದರೇನು, ನಷ್ಟ ಎಂದರೇನು ಎಂಬುದನ್ನು ಆ ಒಂದು ಘಟನೆಯಲ್ಲಿ ಕಲಿಯಬಲ್ಲದು.

ನಮ್ಮ ಪಾಲು

ಕನ್ನಡ ನಾಡಿಗೆ ಈ ನಂಟು ಹೊಸತಲ್ಲ. ಕೊಡಗಿನ ಹುತ್ತರಿಯಲ್ಲಿ ಹುಣ್ಣಿಮೆಯ ರಾತ್ರಿ ಮನೆಮಂದಿಯೆಲ್ಲ ಗದ್ದೆಗಿಳಿದು ಕದಿರು ತೆಗೆಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಣ್ಣುತ್ತಾರೆ. ಮಗುವಿಗೆ ಬೆಳೆಯನ್ನು ಪರಿಚಯಿಸುವ ಕಾರ್ಯಕ್ರಮ ಇದಕ್ಕಿಂತ ಬೇರೆ ಯಾವುದು? ಸರ್ಕಾರದ ಮಟ್ಟದಲ್ಲೂ ಹೋಲಿಕೆಗಳಿವೆ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹ ಶಾಲೆಯಲ್ಲಿ ಬಿಸಿಯೂಟ ಕೊಟ್ಟಿತು. 2013ರ ಕ್ಷೀರಭಾಗ್ಯ ಸಹಕಾರ ಸಂಘಗಳ ರೈತರ ಹಾಲನ್ನು ಶಾಲೆಯ ಲೋಟಕ್ಕೆ ತಂದಿತು. ಮಿಶಿಗನ್ ಸರ್ಕಾರಿ ಶಾಲೆಗಳ ಎಲ್ಲ ಮಕ್ಕಳಿಗೂ ಉಚಿತ ಊಟ ಒದಗಿಸಿದ್ದು 2023-24ರ ಶಾಲಾವರ್ಷದಿಂದ. ಈ ಒಂದು ವಿಷಯದಲ್ಲಿ ತವರು ಮುಂದಿತ್ತು ಎಂದು ನಾವು ಅಭಿಮಾನಪಡಬಹುದು.

ನಮ್ಮ ಸಮುದಾಯಕ್ಕೆ ಇದರಲ್ಲಿ ಆರೋಗ್ಯದ ಕಾರಣವೂ ಇದೆ. ದಕ್ಷಿಣ ಏಷ್ಯಾ ಮೂಲದವರಲ್ಲಿ ಸಕ್ಕರೆ ಕಾಯಿಲೆ ಕಡಿಮೆ ತೂಕದಲ್ಲೇ ಕಾಣಿಸಿಕೊಳ್ಳುತ್ತದೆ. ಸಾಮಾನ್ಯ ವಯಸ್ಕರಿಗೆ ದೇಹತೂಕ ಸೂಚ್ಯಂಕ 25 ದಾಟಿದಾಗ ಪರೀಕ್ಷೆ ಸೂಚಿಸುವ ಅಮೆರಿಕದ ಮಧುಮೇಹ ಸಂಘ, ಏಷ್ಯಾ ಮೂಲದವರಿಗೆ 23ಕ್ಕೇ ಸೂಚಿಸುತ್ತದೆ. ಸಸ್ಯಾಹಾರಿ ಎನ್ನಿಸಿಕೊಂಡೂ ಅನ್ನ, ಮೊಸರು, ಪಾಸ್ತಾ, ಆಲೂಗಡ್ಡೆಗಳಲ್ಲೇ ಬೆಳೆಯುವ ಮಕ್ಕಳಲ್ಲಿ ಕಬ್ಬಿಣದ ಕೊರತೆಯನ್ನೂ ನಾನು ಆಗಾಗ ಕಾಣುತ್ತೇನೆ.

ಮಾಡಬಹುದಾದದ್ದು ಕಷ್ಟದ್ದಲ್ಲ. ಸೆಪ್ಟೆಂಬರಿನಲ್ಲಿ ನಮ್ಮ ಕುಟುಂಬಗಳು ಸೇಬಿನ ತೋಟಕ್ಕೆ ಹೋಗಿ ಹಣ್ಣು ಕೀಳುವುದು ಈಗಾಗಲೇ ರೂಢಿಯಾಗಿದೆ. ಜೊತೆಗೆ ಬೆಳೆಗಾರರೊಡನೆ ಹತ್ತು ನಿಮಿಷ ಮಕ್ಕಳನ್ನು ಮಾತನಾಡಿಸಬಹುದು. ಮೇ ನಡುವಿನ ಕೊನೆಯ ಹಿಮ ಕಳೆದ ಮೇಲೆ ಮೆಂತ್ಯ, ದಂಟು, ಬಸಳೆ ಇಲ್ಲಿಯ ಹಿತ್ತಲಿನಲ್ಲಿ ಸೊಗಸಾಗಿ ಬರುತ್ತವೆ. ಚಳಿಗಾಲಕ್ಕೆ ಒಳಗೆ ಎತ್ತಿಡುವ ಕರಿಬೇವಿನ ಕುಂಡದ ಪಕ್ಕ ಮಗುವಿನ ಹೆಸರಿನದೊಂದು ಕುಂಡವಿರಲಿ. ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವದ ಊಟಗಳಿಗೆ ಒಂದೆರಡು ತರಕಾರಿಯನ್ನಾದರೂ ಹತ್ತಿರದ ರೈತರಿಂದ ಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಶಾಲಾ ಮಂಡಳಿಯ ಸಭೆಗಳು ಪೋಷಕರಿಗೆ ತೆರೆದಿರುತ್ತವೆ. ಗಣಿತದ ಮೇಲ್ತರಗತಿಗಳ ಬಗ್ಗೆ ಅಲ್ಲಿ ಎದ್ದು ಮಾತನಾಡುವ ನಮ್ಮವರು ಕೆಫೆಟೇರಿಯಾದ ಬಗ್ಗೆ ಮಾತನಾಡುವುದು ಅಪರೂಪ. ಮನೆಯಿಂದ ಡಬ್ಬಿ ಕಳುಹಿಸಿದರೆ ನಮ್ಮ ಕೆಲಸ ಮುಗಿಯಿತೆಂಬ ಭಾವನೆ ಇದಕ್ಕೆ ಕಾರಣವಿರಬಹುದು. ಡಬ್ಬಿಯಿಲ್ಲದೆ ಬರುವ ಮಗು ನಮ್ಮ ಮಗುವಿನ ಪಕ್ಕದಲ್ಲೇ ಕೂತಿರುತ್ತದೆ. ಮುಂದಿನ ಸಭೆಗೆ ಹೋದಾಗ ಮೂರು ಪ್ರಶ್ನೆಗಳನ್ನು ಕೇಳಿನೋಡಿ: ನಮ್ಮ ಶಾಲೆ ಸ್ಥಳೀಯ ರೈತರಿಂದ ಏನನ್ನು ಕೊಳ್ಳುತ್ತದೆ? ಟೆಂಡರಿನಲ್ಲಿ ಸ್ಥಳೀಯತೆಯ ಷರತ್ತು ಇದೆಯೇ? ಅಡುಗೆಮನೆಯಲ್ಲಿ ತರಕಾರಿ ಹೆಚ್ಚಲು ಎಷ್ಟು ಜನರಿದ್ದಾರೆ?